ನಿಮ್ಮ ಗಣಕಯಂತ್ರಗಳಲ್ಲಿ ನಿಜವಾಗಿ ಜಾರಿಯಲ್ಲಿರುವ ನಿಯಮಗಳು ಯಾವುವು?

ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಪೂರೈಸುವ ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಿಗೆ ಇತ್ತೀಚಿನ ವರ್ಷಗಳಲ್ಲಿ ಗ್ರಾಹಕ ಸಂಸ್ಥೆಗಳಿಂದ ಹೊಸ ಬಗೆಯ ಪ್ರಶ್ನಾವಳಿಯೊಂದು ಬರತೊಡಗಿದೆ. ಗುಣಮಟ್ಟ, ಉತ್ಪಾದನಾ ಸಾಮರ್ಥ್ಯ, ಸರಕು ರವಾನೆ ಇವುಗಳ ಜೊತೆಗೆ ಮಾಹಿತಿ ಸುರಕ್ಷತೆ ಎಂಬ ಪ್ರತ್ಯೇಕ ಭಾಗ ಅದರಲ್ಲಿರುತ್ತದೆ. ಎಲ್ಲ ಗಣಕಯಂತ್ರಗಳಲ್ಲಿ ಪೆನ್‌ಡ್ರೈವ್ ಬಳಕೆಯನ್ನು ನಿರ್ಬಂಧಿಸಲಾಗಿದೆಯೇ? ಪಾಸ್‌ವರ್ಡಿನ ಕನಿಷ್ಠ ಉದ್ದವೆಷ್ಟು? ಬಳಸದೆ ಬಿಟ್ಟ ಗಣಕದ ಪರದೆ ಎಷ್ಟು ನಿಮಿಷಗಳಲ್ಲಿ ತಾನಾಗಿಯೇ ಲಾಕ್ ಆಗುತ್ತದೆ? ಪ್ರತಿ ಪ್ರಶ್ನೆಯ ಮುಂದೆ 'ಹೌದು', 'ಇಲ್ಲ' ಎಂಬ ಎರಡು ಚೌಕಗಳು. ಕೊನೆಯ ಪುಟದಲ್ಲಿ ಮಾಲೀಕರ ಸಹಿ ಮತ್ತು ಮೊಹರು. ಸೈಬರ್ ವಿಮೆಯ ಪ್ರಸ್ತಾವನಾ ಪತ್ರದಲ್ಲಿಯೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳಿರುತ್ತವೆ. ಅಲ್ಲಿ ಕೊಟ್ಟ ಉತ್ತರ ತಪ್ಪೆಂದು ಕಂಡುಬಂದರೆ ಕ್ಲೇಮಿನ ಸಮಯದಲ್ಲಿ ಏನಾಗಬಹುದೆಂಬುದನ್ನು ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಪತ್ರ ಬಂದಾಗ ಬಹುಪಾಲು ಮಾಲೀಕರು ಗಣಕಯಂತ್ರಗಳನ್ನು ನೋಡಿಕೊಳ್ಳುವವರನ್ನು ಕರೆದು ವಿಚಾರಿಸುತ್ತಾರೆ. "ಸರ್ವರಿನಲ್ಲಿ ಹಾಕಿದ್ದೇನೆ ಸರ್" ಎಂಬ ಉತ್ತರ ಬರುತ್ತದೆ. ಮಾಲೀಕರು 'ಹೌದು' ಎಂದು ಗುರುತು ಮಾಡಿ ಸಹಿ ಹಾಕುತ್ತಾರೆ. ಉತ್ತರ ಕೊಟ್ಟವರು ಸುಳ್ಳಾಡಿರುವುದಿಲ್ಲ. ಆದರೆ ಗ್ರಾಹಕರು ಕೇಳಿದ್ದು ಸರ್ವರಿನ ವಿಷಯವನ್ನಲ್ಲ, ಪ್ರತಿಯೊಂದು ಗಣಕದ ವಿಷಯವನ್ನು. ಈ ಎರಡರ ನಡುವಿನ ಅಂತರವನ್ನು ಅಳೆಯುವ ಬಗೆ ಹೇಗೆಂಬುದೇ ಈ ಲೇಖನದ ವಿಷಯ.

ಒಂದು ಘಟಕದ ಅನುಭವ

ಬೆಂಗಳೂರಿನ ಪೀಣ್ಯದಲ್ಲಿರುವ ನನ್ನ ಪರಿಚಯದ ಯಂತ್ರಭಾಗ ತಯಾರಿಕಾ ಘಟಕವೊಂದರಲ್ಲಿ ಸ್ಥಿರಾಸ್ತಿ ವಹಿಯ ಪ್ರಕಾರ 24 ಗಣಕಯಂತ್ರಗಳಿದ್ದವು. ಪೆನ್‌ಡ್ರೈವ್ ನಿರ್ಬಂಧದ ಪ್ರಶ್ನೆಗೆ ಅವರು ಎರಡು ವರ್ಷ ಸತತವಾಗಿ 'ಹೌದು' ಎಂದೇ ಉತ್ತರಿಸಿದ್ದರು. ಮೂರನೆಯ ವರ್ಷ ಗ್ರಾಹಕ ಸಂಸ್ಥೆಯ ಪರಿಶೋಧಕರು ಖುದ್ದಾಗಿ ಬಂದರು. ಕಚೇರಿಯಲ್ಲಿ ಕಾಫಿ ಮುಗಿಸಿ, ಶೆಡ್ಡಿನೊಳಗೆ ಸುತ್ತಾಡುತ್ತಾ ಪ್ಯಾಕಿಂಗ್ ವಿಭಾಗಕ್ಕೆ ಬಂದವರು ಕಿಸೆಯಿಂದ ಪೆನ್‌ಡ್ರೈವ್ ತೆಗೆದು ಅಲ್ಲಿದ್ದ ಗಣಕಕ್ಕೆ ಚುಚ್ಚಿದರು. ಅದು ಯಾವ ಅಡ್ಡಿಯೂ ಇಲ್ಲದೆ ತೆರೆದುಕೊಂಡಿತು. ಹೊಸ ಬಿಡಿಭಾಗವೊಂದರ ನಕ್ಷೆಯನ್ನು ಆ ವಾರ ಕಳುಹಿಸಬೇಕಿದ್ದ ಗ್ರಾಹಕರು ಅದನ್ನು ತಡೆಹಿಡಿದು, 15 ದಿನಗಳೊಳಗೆ ಲಿಖಿತ ವಿವರಣೆ ಕೇಳಿದರು. ಮಾಲೀಕರಿಗೆ ಆದೇಶ ಕೈತಪ್ಪುವ ಭಯಕ್ಕಿಂತ, ತಮ್ಮ ಸಹಿಯಿರುವ ಹಾಳೆ ಸುಳ್ಳಾಯಿತಲ್ಲ ಎಂಬ ಸಂಕಟವೇ ಹೆಚ್ಚಾಗಿತ್ತು.

ಸರ್ವರಿನಲ್ಲಿ ನಿರ್ಬಂಧ ಇದ್ದದ್ದು ನಿಜ. ಅದು ಪ್ಯಾಕಿಂಗ್ ವಿಭಾಗವನ್ನು ಏಕೆ ತಲುಪಲಿಲ್ಲವೆಂಬುದನ್ನು ತಿಳಿಯಲು ಈ ವ್ಯವಸ್ಥೆಯ ರಚನೆಯನ್ನು ಸ್ವಲ್ಪ ಅರಿಯಬೇಕಾಗುತ್ತದೆ.

ಪಾಲಿಸಿ ಎಂಬ ಸುತ್ತೋಲೆ

ಪಾಲಿಸಿ ಎಂದೊಡನೆ ವರ್ತಕರಿಗೆ ವಿಮೆಯ ಕಾಗದ ನೆನಪಾಗುವುದು ಸಹಜ. ಇಲ್ಲಿನ ಅರ್ಥ ಬೇರೆ. ಮೈಕ್ರೋಸಾಫ್ಟ್ ಸಂಸ್ಥೆಯು 2000ನೇ ಇಸವಿಯಲ್ಲಿ ವಿಂಡೋಸ್ 2000 ತಂತ್ರಾಂಶದೊಂದಿಗೆ ಆಕ್ಟಿವ್ ಡೈರೆಕ್ಟರಿ ಮತ್ತು ಗ್ರೂಪ್ ಪಾಲಿಸಿ ಎಂಬ ಎರಡು ಸೌಲಭ್ಯಗಳನ್ನು ಹೊರತಂದಿತು. ಮೊದಲನೆಯದು ಸಂಸ್ಥೆಯ ಗಣಕಗಳ ಮತ್ತು ನೌಕರರ ಹಾಜರಿ ಪುಸ್ತಕವಿದ್ದಂತೆ. ಎರಡನೆಯದು ಆ ಪುಸ್ತಕದಲ್ಲಿರುವವರಿಗೆ ಹೊರಡಿಸುವ ಸುತ್ತೋಲೆಯಿದ್ದಂತೆ. ಸುತ್ತೋಲೆಯನ್ನು ಇಡೀ ಸಂಸ್ಥೆಗೆ, ಅಂದರೆ ಡೊಮೇನಿಗೆ, ಹೊರಡಿಸಬಹುದು. ಲೆಕ್ಕಪತ್ರ, ಉಗ್ರಾಣ, ವಿನ್ಯಾಸ ಎಂಬಂತೆ ವಿಂಗಡಿಸಿದ ಒಂದು ವಿಭಾಗಕ್ಕೆ ಮಾತ್ರವೂ ಹೊರಡಿಸಬಹುದು. ಗಣಕಗಳು ಸಾಮಾನ್ಯವಾಗಿ 90 ನಿಮಿಷಗಳಿಗೊಮ್ಮೆ, ಅದರ ಮೇಲೆ 30 ನಿಮಿಷಗಳವರೆಗಿನ ಹೆಚ್ಚುವರಿ ಅಂತರದೊಡನೆ, ಸರ್ವರನ್ನು ಸಂಪರ್ಕಿಸಿ ಹೊಸ ಸುತ್ತೋಲೆಯಿದೆಯೇ ಎಂದು ನೋಡಿಕೊಳ್ಳುತ್ತವೆ.

ಒಂದೇ ಗಣಕಕ್ಕೆ ಹಲವು ಸುತ್ತೋಲೆಗಳು ಅನ್ವಯವಾದಾಗ ಯಾವುದು ನಿಲ್ಲುತ್ತದೆ? ಮೊದಲು ಆ ಗಣಕದಲ್ಲಿಯೇ ಬರೆದಿಟ್ಟದ್ದು, ಬಳಿಕ ಸ್ಥಳಕ್ಕೆ ಸಂಬಂಧಿಸಿದ್ದು, ಬಳಿಕ ಡೊಮೇನಿನದು, ಕೊನೆಗೆ ವಿಭಾಗದ್ದು ಎಂಬ ಕ್ರಮದಲ್ಲಿ ಅವು ಜಾರಿಯಾಗುತ್ತವೆ. ಪರಸ್ಪರ ವಿರೋಧವಿದ್ದಲ್ಲಿ ಕೊನೆಗೆ ಬಂದದ್ದೇ ಉಳಿಯುತ್ತದೆ. ನಮ್ಮ ಕಚೇರಿಗಳ ರೂಢಿಗೆ ಇದು ತದ್ವಿರುದ್ಧ. ಇಲ್ಲಿ ವಿಭಾಗದ ಮುಖ್ಯಸ್ಥನ ಮಾತು ಮಾಲೀಕರ ಮಾತನ್ನು ಮೀರಬಲ್ಲದು! ಇದನ್ನು ತಡೆಯಲು ಮೇಲಿನ ಸುತ್ತೋಲೆಗೆ 'ಕಡ್ಡಾಯ' ಎಂಬ ಮುದ್ರೆ ಒತ್ತುವ ಅವಕಾಶವಿದೆ. ಕೆಳಗಿನ ವಿಭಾಗವು ಮೇಲಿನಿಂದ ಬರುವುದನ್ನು ತಡೆಹಿಡಿಯುವ ಅವಕಾಶವೂ ಇದೆ. ಕಡ್ಡಾಯವಾದುದನ್ನು ಮಾತ್ರ ಅದು ತಡೆಯಲಾರದು. ಇವುಗಳ ಮೇಲೆ ಇಂತಹ ಗುಂಪಿಗೆ ಮಾತ್ರ, ಇಂತಹ ಆವೃತ್ತಿಯ ವಿಂಡೋಸಿಗೆ ಮಾತ್ರ ಎಂಬ ಜರಡಿಗಳು ಬೇರೆ. ಐದಾರು ವರ್ಷಗಳಲ್ಲಿ ಇಬ್ಬರು ಮೂವರು ತಂತ್ರಜ್ಞರು ಬದಲಾದ ಘಟಕದಲ್ಲಿ, ಯಾವ ಗಣಕದಲ್ಲಿ ಏನು ಜಾರಿಯಲ್ಲಿದೆ ಎಂಬುದನ್ನು ಸರ್ವರನ್ನು ನೋಡಿ ಹೇಳುವುದು ಅನುಭವಸ್ಥರಿಗೂ ಕಷ್ಟ.

ಗಣಕವನ್ನೇ ಕೇಳುವುದು

ಅದೃಷ್ಟವಶಾತ್ ಪ್ರತಿಯೊಂದು ಗಣಕವೂ ತನಗೆ ತಲುಪಿದ ಪಾಲಿಸಿಗಳ ದಾಖಲೆಯನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಿಂದ ಮೊದಲುಗೊಂಡು 'ಜಿಪಿರಿಸಲ್ಟ್' ಎಂಬ ಆಜ್ಞೆ ವಿಂಡೋಸಿನ ಜೊತೆಗೇ ಬರುತ್ತಿದೆ. ಇದಕ್ಕಾಗಿ ಬೇರೆ ತಂತ್ರಾಂಶ ಕೊಳ್ಳಬೇಕಾಗಿಲ್ಲ. ಕಮಾಂಡ್ ಕಿಟಕಿಯನ್ನು ಆಡಳಿತಾಧಿಕಾರದಿಂದ ತೆರೆದು, ಈ ಆಜ್ಞೆಯ ಮುಂದೆ ಓರೆಗೆರೆ ಹಾಗೂ 'ಆರ್' ಅಕ್ಷರ ಸೇರಿಸಿದರೆ ಸಂಕ್ಷಿಪ್ತ ವರದಿ ಪರದೆಯ ಮೇಲೆ ಬರುತ್ತದೆ. 'ಎಚ್' ಸೇರಿಸಿ ಕಡತದ ಹೆಸರು ಕೊಟ್ಟರೆ ಬ್ರೌಸರಿನಲ್ಲಿ ಓದಬಹುದಾದ ವಿವರವಾದ ವರದಿ ಸಿದ್ಧವಾಗುತ್ತದೆ. ಆಡಳಿತಾಧಿಕಾರವಿಲ್ಲದೆ ಓಡಿಸಿದರೆ ಬಳಕೆದಾರರ ಭಾಗ ಮಾತ್ರ ಸಿಗುತ್ತದೆ, ಗಣಕದ ಭಾಗ ಸಿಗುವುದಿಲ್ಲ. ಎಷ್ಟೋ ಮಂದಿ ಈ ಅರೆ ವರದಿಯನ್ನೇ ಪೂರ್ಣವೆಂದು ತಿಳಿದು ಕಡತಕ್ಕೆ ಸೇರಿಸಿರುವುದನ್ನು ಕಂಡಿದ್ದೇನೆ.

ಈ ವರದಿಯಲ್ಲಿ ಮಾಲೀಕರೂ ಓದಿ ತಿಳಿಯಬಹುದಾದ ಮೂರು ಸಂಗತಿಗಳಿವೆ: ಗಣಕವು ಹಾಜರಿ ಪುಸ್ತಕದಲ್ಲಿ ಯಾವ ವಿಭಾಗದಡಿ ಇದೆ, ಯಾವ ಪಾಲಿಸಿಗಳು ಜಾರಿಯಾಗಿವೆ, ಯಾವುವು ಬಂದರೂ ಜರಡಿಯಲ್ಲಿ ನಿಂತುಹೋಗಿವೆ ಮತ್ತು ಏಕೆ. ಮೂರನೆಯದನ್ನು ಯಾರೂ ಓದುವುದಿಲ್ಲ. ಅನುಮತಿಯಿಲ್ಲದೆ ನಿರಾಕೃತ, ಪಾಲಿಸಿ ಖಾಲಿಯಿದೆ, ನಿಷ್ಕ್ರಿಯಗೊಳಿಸಲಾಗಿದೆ ಎಂಬಂತಹ ಕಾರಣಗಳು ಅಲ್ಲಿಯೇ ಬರೆದಿರುತ್ತವೆ.

ಒಂದು ಗಣಕಕ್ಕಾದರೆ ಇಷ್ಟು ಸಾಕು. 24 ಗಣಕಗಳ ಮುಂದೆ ಒಂದೊಂದಾಗಿ ಕುಳಿತು, ಅದನ್ನೇ ತಿಂಗಳಿಗೊಮ್ಮೆ ಮಾಡುವವರು ಯಾರು? ಇಲ್ಲಿಯೇ ಸ್ಕ್ರಿಪ್ಟಿನ ಉಪಯೋಗ. ಸ್ಕ್ರಿಪ್ಟ್ ಎಂದರೆ ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದಿಟ್ಟ ಚಿಕ್ಕ ಕಡತ. ಗಣಕ ಅದನ್ನು ಓದಿ ಅದರಂತೆ ನಡೆಯುತ್ತದೆ. ಹಿಂದೆ ಈ ಕೆಲಸಕ್ಕೆ ವಿಬಿಸ್ಕ್ರಿಪ್ಟ್ ಬಳಸುತ್ತಿದ್ದರು. ಆ ಭಾಷೆಯನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿದೆ. ಆದುದರಿಂದ ಹಳೆಯ ಸ್ಕ್ರಿಪ್ಟುಗಳಿದ್ದವರು ಅವನ್ನು ಪವರ್‌ಶೆಲ್‌ಗೆ ಬದಲಾಯಿಸಿಕೊಳ್ಳುವುದು ಒಳಿತು.

ಪೀಣ್ಯದ ಘಟಕಕ್ಕಾಗಿ ಬರೆದ ಪವರ್‌ಶೆಲ್ ಸ್ಕ್ರಿಪ್ಟ್ ಒಂದು ಪುಟವನ್ನೂ ಮೀರಿರಲಿಲ್ಲ. ಗಣಕದ ಹೆಸರು ಮತ್ತು ದಿನಾಂಕ, ಅದು ಇರುವ ವಿಭಾಗ, ಜಾರಿಯಾದ ಹಾಗೂ ನಿರಾಕೃತವಾದ ಪಾಲಿಸಿಗಳ ಹೆಸರು, ಇವುಗಳ ಜೊತೆಗೆ ಪೆನ್‌ಡ್ರೈವ್ ನಿರ್ಬಂಧದ ವಾಸ್ತವಿಕ ಮೌಲ್ಯ, ಇಷ್ಟನ್ನು ಒಂದು ಸಾಲಾಗಿ ಬರೆದು ಸರ್ವರಿನ ಫೋಲ್ಡರೊಂದರಲ್ಲಿ ಇಡುವುದು ಅದರ ಕೆಲಸ. ಎಲ್ಲ ಸಾಲುಗಳನ್ನು ಸೇರಿಸಿದರೆ ಎಕ್ಸೆಲ್ ಹಾಳೆಯೊಂದು ತಯಾರಾಗುತ್ತದೆ. ಆ ಫೋಲ್ಡರಿಗೆ ಗಣಕಗಳು ಬರೆಯಬಹುದು, ನೌಕರರು ತಿದ್ದಲಾಗದು ಎಂಬಂತೆ ಅನುಮತಿಯನ್ನು ಹೊಂದಿಸಲಾಗಿತ್ತು.

'ವಾಸ್ತವಿಕ ಮೌಲ್ಯ' ಎಂದು ಬೇರೆಯಾಗಿ ಹೇಳಿದ್ದಕ್ಕೆ ಕಾರಣವಿದೆ. ಜಿಪಿರಿಸಲ್ಟ್ ಹೇಳುವುದು ಕಳೆದ ಬಾರಿ ಯಾವ ಸುತ್ತೋಲೆ ತಲುಪಿತೆಂಬುದನ್ನು. ತಲುಪಿದ ಮೇಲೆ ಯಾರಾದರೂ ಅದನ್ನು ಅಳಿಸಿದ್ದರೆ ಆ ವರದಿಯಲ್ಲಿ ಅದು ಕಾಣದಿರಬಹುದು. ಪೆನ್‌ಡ್ರೈವ್ ನಿರ್ಬಂಧದಂತಹ ನಿಯಮಗಳು ಗಣಕದ ರಿಜಿಸ್ಟ್ರಿ ಎಂಬ ಒಳಕಡತದಲ್ಲಿ, 'ಪಾಲಿಸೀಸ್' ಶಾಖೆಯಡಿ, ಒಂದು ಅಂಕಿಯಾಗಿ ಕುಳಿತಿರುತ್ತವೆ. ಎಲ್ಲ ಬಗೆಯ ಹೊರಸಂಗ್ರಾಹಕಗಳನ್ನು ತಡೆಯುವ ಪಾಲಿಸಿಯಾದರೆ 'ಡಿನೈ ಆಲ್' ಎಂಬ ಹೆಸರಿನ ಮುಂದೆ 1 ಇರಬೇಕು. ಗಣಕದ ಆಡಳಿತಾಧಿಕಾರವಿರುವ ಯಾರೇ ಆದರೂ ಅದನ್ನು 0 ಮಾಡಬಹುದು. ಸರ್ವರಿನಲ್ಲಿರುವ ಪಾಲಿಸಿ ಬದಲಾಗದಿರುವವರೆಗೆ ಗಣಕವು ಇಂತಹ ನಿಯಮಗಳನ್ನು ಸಾಮಾನ್ಯವಾಗಿ ಮತ್ತೆ ಹೇರುವುದಿಲ್ಲ. ಸುರಕ್ಷತಾ ನಿಯಮಗಳೆಂಬ ಒಂದು ವರ್ಗವನ್ನು ಮಾತ್ರ ಬದಲಾವಣೆಯಿಲ್ಲದಿದ್ದರೂ 16 ಗಂಟೆಗಳಿಗೊಮ್ಮೆ ಮರುಹೇರಲಾಗುತ್ತದೆ. ಹೀಗಿರುವಾಗ ಸುತ್ತೋಲೆ ತಲುಪಿದೆಯೇ, ಆಚರಣೆಯಲ್ಲಿದೆಯೇ ಎಂಬ ಎರಡನ್ನೂ ಸ್ಕ್ರಿಪ್ಟ್ ಕೇಳಲೇಬೇಕು.

ಬಂದ ವರದಿ, ಬಾರದ ವರದಿ

ಸ್ಕ್ರಿಪ್ಟನ್ನು ಎಲ್ಲ ಗಣಕಗಳಿಗೆ ತಲುಪಿಸಲು ಡೊಮೇನ್ ಮಟ್ಟದ ಪಾಲಿಸಿಯನ್ನೇ ಬಳಸಲಾಯಿತು. ಗಣಕ ಶುರುವಾಗುವಾಗ ಓಡುವಂತೆ ಮಾಡುವುದು ಹಳೆಯ ಪದ್ಧತಿ. ಆದರೆ ಈಗಿನ ವಿಂಡೋಸಿನಲ್ಲಿ 'ಫಾಸ್ಟ್ ಸ್ಟಾರ್ಟಪ್' ಚಾಲ್ತಿಯಲ್ಲಿದ್ದರೆ, ಸಂಜೆ ಆರಿಸಿ ಬೆಳಿಗ್ಗೆ ಹಚ್ಚಿದಾಗ ಇಂತಹ ಸ್ಕ್ರಿಪ್ಟುಗಳು ಓಡದೇ ಹೋಗಬಹುದು. ಹಾಗಾಗಿ ದಿನವೂ ಬೆಳಿಗ್ಗೆ 11 ಗಂಟೆಗೆ ಓಡುವ ನಿಗದಿತ ಕಾರ್ಯವನ್ನಾಗಿ ಅದನ್ನು ಹೊಂದಿಸಲಾಯಿತು.

ಒಂದು ವಾರದಲ್ಲಿ 24 ಗಣಕಗಳ ಪೈಕಿ 21ರಿಂದ ವರದಿ ಬಂದಿತು. 17ರಲ್ಲಿ ಎಲ್ಲವೂ ಸರಿಯಾಗಿತ್ತು. ಪ್ಯಾಕಿಂಗ್ ವಿಭಾಗದ್ದೂ ಸೇರಿ ಮೂರು ಗಣಕಗಳು ಯಾವ ವಿಭಾಗದಡಿಯೂ ಇರಲಿಲ್ಲ. ಹೊಸ ಗಣಕವನ್ನು ಡೊಮೇನಿಗೆ ಸೇರಿಸಿದಾಗ ಅದು ತಾನಾಗಿಯೇ 'ಕಂಪ್ಯೂಟರ್ಸ್' ಎಂಬ ಸಾಮಾನ್ಯ ಖಾನೆಗೆ ಹೋಗಿ ಕೂರುತ್ತದೆ. ಆ ಖಾನೆಗೆ ನೇರವಾಗಿ ಪಾಲಿಸಿಯನ್ನು ಜೋಡಿಸಲು ಬರುವುದಿಲ್ಲ. ಯಾರಾದರೂ ಅದನ್ನು ಎತ್ತಿ ಸರಿಯಾದ ವಿಭಾಗಕ್ಕೆ ಹಾಕಬೇಕು. ಪ್ಯಾಕಿಂಗ್ ವಿಭಾಗದ ಹಳೆಯ ಗಣಕ ಕೆಟ್ಟಾಗ ಹೊಸದನ್ನು ತಂದು ಸೇರಿಸಿದವರು ಬಿಲ್ ಕೊಟ್ಟು ಹೋಗಿದ್ದರು, ಅಷ್ಟೇ. ಡೊಮೇನಿನ ಪಾಲಿಸಿ ಅದಕ್ಕೆ ತಲುಪುತ್ತಿತ್ತು, ಆದ್ದರಿಂದ ವರದಿಯೂ ಬಂತು. ವಿಭಾಗಗಳಿಗೆ ಜೋಡಿಸಿದ್ದ ಪೆನ್‌ಡ್ರೈವ್ ನಿರ್ಬಂಧ ಮಾತ್ರ ತಲುಪುತ್ತಿರಲಿಲ್ಲ. ಸಣ್ಣ ಘಟಕಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ದೋಷ ಇದೇ.

ಉಳಿದ ಒಂದು ಗಣಕ ತಪಾಸಣಾ ವಿಭಾಗದ್ದು. ಅಲ್ಲಿ ಪಾಲಿಸಿ ಜಾರಿಯಾಗಿದೆಯೆಂದು ಪಟ್ಟಿ ಹೇಳುತ್ತಿತ್ತು, ಮೌಲ್ಯ ಮಾತ್ರ 0 ಇತ್ತು. ವಿಚಾರಿಸಿದಾಗ ಅಲ್ಲಿನ ಹಿರಿಯ ತಪಾಸಕರು ಏನನ್ನೂ ಮುಚ್ಚಿಡಲಿಲ್ಲ. ಅಳತೆ ಯಂತ್ರದ ವರದಿಗಳನ್ನು ಕಚೇರಿಗೆ ಒಯ್ಯಲು ಅವರಿಗೆ ಪೆನ್‌ಡ್ರೈವ್ ಬೇಕೇ ಬೇಕಾಗಿತ್ತು. ನಿರ್ಬಂಧ ಹಾಕಿದ ದಿನ ಅವರು ಎರಡು ಬಾರಿ ದೂರು ಹೇಳಿದ್ದರು, ಯಾರೂ ಕಿವಿಗೊಡಲಿಲ್ಲ. ಮೂರನೆಯ ದಿನ ಪರಿಚಯದ ಹುಡುಗನೊಬ್ಬ ಬಂದು 'ಸರಿ' ಮಾಡಿಕೊಟ್ಟ. ಗಣಕದ ಆಡಳಿತಾಧಿಕಾರದ ಪಾಸ್‌ವರ್ಡ್ ಮಾನಿಟರಿನ ಹಿಂಭಾಗದಲ್ಲಿಯೇ ಚೀಟಿಯಲ್ಲಿತ್ತು. ಆ ತಪಾಸಕರನ್ನು ದೂರಲು ನನಗೆ ಮನಸ್ಸು ಬರಲಿಲ್ಲ. ವರದಿಗಳಿಗಾಗಿ ನೆಟ್‌ವರ್ಕ್ ಫೋಲ್ಡರೊಂದನ್ನು ತೆರೆದುಕೊಟ್ಟ ಮೇಲೆ ಪೆನ್‌ಡ್ರೈವಿನ ಅಗತ್ಯವೇ ಉಳಿಯಲಿಲ್ಲ.

ಇನ್ನು ವರದಿ ಬಾರದ ಮೂರು ಗಣಕಗಳು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಮುಖ್ಯ ಭಾಗ ಇದೇ. ಪಾಲಿಸಿಯ ಮೂಲಕ ಕಳುಹಿಸಿದ ಸ್ಕ್ರಿಪ್ಟ್, ಪಾಲಿಸಿಯೇ ತಲುಪದ ಗಣಕಕ್ಕೆ ತಲುಪುವುದಾದರೂ ಹೇಗೆ? ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುವ ಗಣಕ ಮೌನವಾಗಿರುತ್ತದೆ. ಬಂದ ವರದಿಗಳನ್ನಷ್ಟೇ ಎಣಿಸಿದರೆ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಆದುದರಿಂದ ವರದಿಗಳನ್ನು ತಾಳೆ ನೋಡಬೇಕಾದದ್ದು ಸರ್ವರಿನ ಪಟ್ಟಿಯೊಂದಿಗಲ್ಲ, ಸಂಸ್ಥೆಯ ಸ್ಥಿರಾಸ್ತಿ ವಹಿಯೊಂದಿಗೆ. ಲೆಕ್ಕಪರಿಶೋಧಕರಿಗಾಗಿ ಬರೆದಿಡುವ ಆ ಪುಸ್ತಕ ಇಲ್ಲಿ ಅನಿರೀಕ್ಷಿತವಾಗಿ ಉಪಯೋಗಕ್ಕೆ ಬಂದಿತು.

ಮೂರರಲ್ಲಿ ಒಂದು ಗಣಕ ಗುಜರಿಗೆ ಹೋಗಿ ಎರಡು ವರ್ಷವಾಗಿತ್ತು. ವಹಿಯಲ್ಲಿ ಮಾತ್ರ ಅದರ ಮೇಲೆ ಸವಕಳಿ ನಡೆಯುತ್ತಲೇ ಇತ್ತು. ಇನ್ನೊಂದು ಉಗ್ರಾಣದ ಗಣಕ. ಅಲ್ಲಿ ಇಂಟರ್‌ನೆಟ್ ಸರಿಪಡಿಸಲು ಬಂದವರು ಡಿಎನ್ಎಸ್ ವಿಳಾಸವನ್ನು ಸಂಸ್ಥೆಯ ಸರ್ವರಿನಿಂದ ಹೊರಗಿನ ವಿಳಾಸಕ್ಕೆ ಬದಲಾಯಿಸಿದ್ದರು. ಅಂದಿನಿಂದ ಆ ಗಣಕಕ್ಕೆ ಸರ್ವರ್ ಎಲ್ಲಿದೆಯೆಂದೇ ತಿಳಿದಿರಲಿಲ್ಲ. ಹಿಂದೆ ಲಾಗಿನ್ ಆದವರ ಗುರುತನ್ನು ವಿಂಡೋಸ್ ತನ್ನಲ್ಲಿ ಉಳಿಸಿಕೊಳ್ಳುವುದರಿಂದ ಉಗ್ರಾಣದ ಗುಮಾಸ್ತರು ಎಂದಿನ ಪಾಸ್‌ವರ್ಡಿನಲ್ಲಿಯೇ ಕೆಲಸ ಮಾಡುತ್ತಿದ್ದರು, ಯಾರಿಗೂ ಅನುಮಾನ ಬರಲಿಲ್ಲ. ಮೂರನೆಯದು ಮಾರಾಟ ಪ್ರತಿನಿಧಿಯ ಲ್ಯಾಪ್‌ಟಾಪ್. ಅದು ತಿಂಗಳುಗಟ್ಟಲೆ ಕಚೇರಿಯ ಜಾಲಕ್ಕೆ ಬಂದೇ ಇರಲಿಲ್ಲ.

ವರದಿಯೂ ತಪ್ಪಿಸಬಹುದಾದ ಕಡೆ

ಪಾಸ್‌ವರ್ಡಿನ ಪ್ರಶ್ನೆಗೆ ಉತ್ತರಿಸುವಾಗ ವಿಶೇಷ ಎಚ್ಚರ ಬೇಕು. ಲೆಕ್ಕಪತ್ರ ವಿಭಾಗಕ್ಕೆಂದು 12 ಅಕ್ಷರಗಳ ಪಾಸ್‌ವರ್ಡ್ ಪಾಲಿಸಿಯನ್ನು ಜೋಡಿಸಿದರೆ, ಆ ವಿಭಾಗದ ಗಣಕಗಳ ವರದಿಯಲ್ಲಿ ಅದು ಜಾರಿಯಾಗಿದೆ ಎಂದೇ ಕಾಣುತ್ತದೆ. ಆದರೆ ವಿಭಾಗಕ್ಕೆ ಜೋಡಿಸಿದ ಪಾಸ್‌ವರ್ಡ್ ನಿಯಮ ಅನ್ವಯವಾಗುವುದು ಆ ಗಣಕದಲ್ಲಿಯೇ ಸೃಷ್ಟಿಸಿದ ಸ್ಥಳೀಯ ಖಾತೆಗಳಿಗೆ ಮಾತ್ರ. ನೌಕರರು ದಿನನಿತ್ಯ ಬಳಸುವ ಡೊಮೇನ್ ಖಾತೆಗಳಿಗೆ ಡೊಮೇನ್ ಮಟ್ಟದಲ್ಲಿ ಜೋಡಿಸಿದ ನಿಯಮವೇ ಅನ್ವಯ. ಕೆಲವರಿಗೆ ಮಾತ್ರ ಬೇರೆ ನಿಯಮ ಬೇಕಾದರೆ ವಿಂಡೋಸ್ ಸರ್ವರ್ 2008ರಿಂದ ಅದಕ್ಕೆ ಪ್ರತ್ಯೇಕ ವ್ಯವಸ್ಥೆಯಿದೆ. 'ನೆಟ್ ಅಕೌಂಟ್ಸ್' ಎಂಬ ಆಜ್ಞೆಯ ಮುಂದೆ ಓರೆಗೆರೆಯೊಡನೆ 'ಡೊಮೇನ್' ಎಂದು ಸೇರಿಸಿದರೆ ಡೊಮೇನಿನ ಸಾಮಾನ್ಯ ನಿಯಮ ತಿಳಿಯುತ್ತದೆ. ಸ್ಕ್ರಿಪ್ಟಿಗೆ ಈ ಒಂದು ಸಾಲನ್ನು ಸೇರಿಸುವುದರಿಂದ ನಷ್ಟವಿಲ್ಲ.

ಗಡಿಯಾರದ ವಿಷಯವೂ ಇದೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲಿ, ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡುವುದು, ದಾಖಲೆಗಳನ್ನು 180 ದಿನ ಉಳಿಸಿಕೊಳ್ಳುವುದು ಇವುಗಳ ಜೊತೆಗೆ ಗಣಕಗಳ ಗಡಿಯಾರವನ್ನು ಅಧಿಕೃತ ಸಮಯಕ್ಕೆ ಹೊಂದಿಸಿರಬೇಕೆಂಬ ಅಂಶವೂ ಇದೆ. ವಿಂಡೋಸಿನ ಸಮಯ ಸೇವೆಯ ಆಜ್ಞೆ 'ಡಬ್ಲ್ಯು32ಟಿಎಂ' ತನ್ನ ಪ್ರತಿಯೊಂದು ಹೊಂದಾಣಿಕೆಯ ಮುಂದೆ ಅದು ಪಾಲಿಸಿಯಿಂದ ಬಂದದ್ದೋ ಗಣಕದಲ್ಲಿಯೇ ಬರೆದದ್ದೋ ಎಂದು ನಮೂದಿಸುತ್ತದೆ. ಉಳಿದ ಸೇವೆಗಳೂ ಇಷ್ಟು ಸ್ಪಷ್ಟವಾಗಿ ಹೇಳಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ.

ಸರ್ವರ್ ಇಲ್ಲದ ಅಂಗಡಿ ಮತ್ತು ಕಚೇರಿಗಳಲ್ಲಿ ಗ್ರೂಪ್ ಪಾಲಿಸಿಯ ಸುತ್ತೋಲೆ ಇರುವುದಿಲ್ಲ. ವಿಂಡೋಸ್ ಪ್ರೊ ಆವೃತ್ತಿಯಲ್ಲಿ ಆಯಾ ಗಣಕದಲ್ಲಿಯೇ ಸ್ಥಳೀಯ ಪಾಲಿಸಿಯನ್ನು ಬರೆಯಬಹುದು. ಹೋಮ್ ಆವೃತ್ತಿಯಲ್ಲಿ ಅದರ ಸಂಪಾದಕವೂ ಇಲ್ಲ, ಡೊಮೇನಿಗೆ ಸೇರಿಸುವ ಅವಕಾಶವೂ ಇಲ್ಲ. ಗಣಕ ಕೊಳ್ಳುವಾಗ ಸಾವಿರಾರು ರೂಪಾಯಿ ಉಳಿಸಲು ಹೋಮ್ ಆವೃತ್ತಿಯನ್ನು ಆರಿಸುವವರು ಇದನ್ನು ಗಮನಿಸಬೇಕು. ಮೈಕ್ರೋಸಾಫ್ಟಿನ ಇಂಟ್ಯೂನ್ ಮೂಲಕ ಗಣಕಗಳನ್ನು ನಿರ್ವಹಿಸುವವರಿಗೂ ಒಂದು ಮಾತು: ಆ ದಾರಿಯಿಂದ ಬಂದ ನಿಯಮಗಳಿಗೆ ಜಿಪಿರಿಸಲ್ಟ್ ವರದಿ ಸಾಲದು, ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಖಾತೆಗಳ ಪುಟದಿಂದ ಬೇರೆ ವರದಿಯನ್ನೇ ಪಡೆಯಬೇಕು.

ಸ್ಕ್ರಿಪ್ಟನ್ನು ಬರೆಯುವವರು ಯಾರೆಂಬುದು ಕೂಡ ಸಣ್ಣ ಪ್ರಶ್ನೆಯಲ್ಲ. ಎಲ್ಲ ಗಣಕಗಳಲ್ಲಿ ಆಡಳಿತಾಧಿಕಾರದಿಂದ ಓಡುವ ಕಡತವದು. ಎಲ್ಲಿಂದಲೋ ಇಳಿಸಿಕೊಂಡದ್ದನ್ನು ಓದದೆ ಓಡಿಸುವುದು ಗೋದಾಮಿನ ಬೀಗದ ಕೈಗೊಂಚಲನ್ನು ದಾರಿಹೋಕನಿಗೆ ಕೊಟ್ಟಂತೆ. ಸ್ಕ್ರಿಪ್ಟ್ ಓದುವ ಕೆಲಸವನ್ನಷ್ಟೇ ಮಾಡಲಿ. ತಿದ್ದುವ ಕೆಲಸವನ್ನು ಅದಕ್ಕೆ ಒಪ್ಪಿಸಬಾರದು.

ಪೀಣ್ಯದ ಘಟಕ 13ನೆಯ ದಿನ ತನ್ನ ವಿವರಣೆಯನ್ನು ಕಳುಹಿಸಿತು. ಗುಜರಿಗೆ ಹೋದದ್ದನ್ನು ವಹಿಯಿಂದ ತೆಗೆದ ಮೇಲೆ ಗಣಕಗಳ ಸಂಖ್ಯೆ 23. ಅವುಗಳ ಪೈಕಿ 21ರಲ್ಲಿ ನಿರ್ಬಂಧ ಜಾರಿಯಲ್ಲಿದೆ. ಹಳೆಯ ಸಿಎನ್‌ಸಿ ಯಂತ್ರಗಳಿಗೆ ಪ್ರೋಗ್ರಾಂ ಒಯ್ಯಲು ಬೇರೆ ದಾರಿಯಿಲ್ಲದ ಕಾರಣ ವಿನ್ಯಾಸ ವಿಭಾಗದ ಒಂದು ಗಣಕಕ್ಕೆ ಲಿಖಿತ ವಿನಾಯಿತಿ ನೀಡಲಾಗಿದೆ. ಲ್ಯಾಪ್‌ಟಾಪ್ ಒಂದು ಪ್ರವಾಸದಲ್ಲಿದೆ, ಮರಳಿದ ದಿನ ಪರಿಶೀಲಿಸಲಾಗುವುದು ಎಂದು ಪತ್ರದಲ್ಲಿತ್ತು. ಜೊತೆಗೆ ಎಕ್ಸೆಲ್ ಹಾಳೆಯ ಪ್ರತಿಯನ್ನು ಲಗತ್ತಿಸಲಾಗಿತ್ತು. ಪ್ರಶ್ನಾವಳಿಯಲ್ಲಿ ಈ ಬಾರಿ 'ಹೌದು' ಚೌಕವನ್ನು ಗುರುತಿಸದೆ 'ಲಗತ್ತು ನೋಡಿ' ಎಂದು ಬರೆದರು. ನಕ್ಷೆ ಮುಂದಿನ ತಿಂಗಳು ಬಂದಿತು. ಈಗ ಪ್ರತಿ ತಿಂಗಳ ಮೊದಲ ಸೋಮವಾರ ವರದಿಗಳನ್ನು ಸ್ಥಿರಾಸ್ತಿ ವಹಿಯೊಂದಿಗೆ ತಾಳೆ ನೋಡುವವರು ಲೆಕ್ಕಪತ್ರ ವಿಭಾಗದ ಗುಮಾಸ್ತರು. ಗಣಕಗಳನ್ನು ನೋಡಿಕೊಳ್ಳುವವರಿಗೆ ಆ ಕೆಲಸವನ್ನು ಕೊಟ್ಟಿಲ್ಲ.